ಹೊಸ ಅಡಿಕೆ, ಹಳೆ ಚೀಲ

ಮಂಗಳೂರಿನ ಬಾವುಟಗುಡ್ಡೆಯ ಟಾಗೋರ್ ಪಾರ್ಕು, ಭಾನುವಾರದ ಸಂಜೆ. ಒಬ್ಬರು ನಿವೃತ್ತ ಕನ್ನಡ ಮಾಷ್ಟ್ರು. ಇನ್ನೊಬ್ಬ ಅವರ ಹಳೆಯ ವಿದ್ಯಾರ್ಥಿ, ಬಂದರಿನ ಒಂದು ಅಡಿಕೆ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಲೆಕ್ಕ ಬರೆಯುತ್ತಿರುವವ. ಬೆಂಚಿನಲ್ಲಿ ಕೂತು ಸ್ವಲ್ಪ ಹೊತ್ತಾದ ಮೇಲೆ ಮಾತು ತೆಗೆದದ್ದು ಅವನೇ.

— ಮಾಷ್ಟ್ರೇ, ನಿಯತ್ತು ಅಂದರೆ ಏನು?

— ಎಂತ ಮಾರಾಯ, ಶಾಲೆ ಬಿಟ್ಟು ಇಷ್ಟು ವರ್ಷವಾದ ಮೇಲೆ ಶಬ್ದಾರ್ಥ ಕೇಳುತ್ತೀಯಲ್ಲ?

— ಕೇಳುವ ಹಾಗೆ ಆಗಿದೆ. ಮೊನ್ನೆ ನಮ್ಮ ಧಣಿಗಳು ನನ್ನನ್ನು ಒಳಗೆ ಕರೆದು, "ನಿನಗೆ ನಿಯತ್ತು ಇಲ್ಲವಾ?" ಅಂತ ಕೇಳಿದರು. ಹನ್ನೊಂದು ವರ್ಷದಲ್ಲಿ ಒಂದು ರೂಪಾಯಿ ಆಚೀಚೆ ಮಾಡಿದವನಲ್ಲ ನಾನು. ರಾತ್ರಿ ನಿದ್ದೆ ಬರಲಿಲ್ಲ.

— ಎಂತ ಮಾಡಿದ್ದೆ?

— ಮಾಡದೆ ಇದ್ದದ್ದಕ್ಕೇ ಸಿಟ್ಟು. ಗುಜರಾತಿನ ಒಂದು ಪಾರ್ಟಿಗೆ ಹಳೆ ಅಡಿಕೆ ಹೋಗಬೇಕು. ನಿಮಗೆ ಗೊತ್ತುಂಟಲ್ಲ, ಒಂದು ವರ್ಷ ಚೀಲದಲ್ಲಿ ಕೂತು ಪಸೆ ಆರಿದ ಚಾಲಿಗೆ ಹೊಸತಕ್ಕಿಂತ ಹೆಚ್ಚಿನ ಧಾರಣೆ. ಸಿಂಗಲ್ ಚೋಲ್, ಡಬ್ಬಲ್ ಚೋಲ್ ಅಂತ ಪೇಪರಿನಲ್ಲಿ ಬರುತ್ತದಲ್ಲ, ಅದೇ. ದಾಸ್ತಾನು ಸಾಕಾಗಲಿಲ್ಲ. ಗಾರ್ಬಲ್ ಮಾಡುವ, ಅಂದರೆ ಅಡಿಕೆ ವಿಂಗಡಿಸುವ ಹೆಂಗಸರ ಹತ್ತಿರ ಹೊಸತನ್ನೂ ಆರಿಸಿ ಹಳತಕ್ಕೆ ಬೆರೆಸಲು ಹೇಳಿದರು. ನನ್ನ ಹತ್ತಿರ, ಎಲ್ಲವನ್ನೂ ಚೋಲ್ ಎಂದೇ ಬಿಲ್ಲಿನಲ್ಲಿ ಬರೆ ಎಂದರು. ನಾನು ಪೆನ್ನು ಕೆಳಗಿಟ್ಟೆ. ಅಷ್ಟೇ.

— ಅಷ್ಟೇ ಅಂತ ಹೇಳಬೇಡ. ಅದು ಸಣ್ಣ ಸಂಗತಿ ಅಲ್ಲ.

— ನನಗೆ ಹೊಟ್ಟೆಗೆ ಸಂಕಟವಾದದ್ದು ಬೇರೆ ಕಾರಣಕ್ಕೆ ಮಾಷ್ಟ್ರೇ. ಅಮ್ಮನ ಆಪರೇಶನ್ನಿಗೆ ದುಡ್ಡು ಕೊಟ್ಟದ್ದು ಇದೇ ಧಣಿಗಳು. ಕಾಗದ ಬರೆಸಿಕೊಳ್ಳಲಿಲ್ಲ, ಬಡ್ಡಿ ಕೇಳಲಿಲ್ಲ. ಆಸ್ಪತ್ರೆಗೆ ಬಂದು ಅಮ್ಮನ ಕಾಲ ಹತ್ತಿರ ಕೂತು ಮಾತಾಡಿಸಿ ಹೋದವರು. ಅಂಥವರು ನನಗೆ ನಿಯತ್ತಿಲ್ಲ ಅಂದಾಗ ಇಲ್ಲ ಎನ್ನಲಿಕ್ಕೂ ಬಾಯಿ ಬರಲಿಲ್ಲ, ಉಂಟು ಎನ್ನಲಿಕ್ಕೂ ಬರಲಿಲ್ಲ.

— ನೀನು ಕೇಳಿದ ಶಬ್ದವೇ ಹಾಗೆ. ಒಂದೇ ಚೀಲದಲ್ಲಿ ಎರಡು ಮಾಲು. "ನಿಯತ್ತಿನ ವ್ಯಾಪಾರಿ" ಎನ್ನುತ್ತೇವೆ. ಅಲ್ಲಿ ಅರ್ಥ ಮೋಸ ಮಾಡದವ ಎಂದು. "ನಾಯಿಗಿರುವ ನಿಯತ್ತು ಮನುಷ್ಯನಿಗಿಲ್ಲ" ಎನ್ನುತ್ತೇವೆ. ಅಲ್ಲಿ ಅರ್ಥ ಅನ್ನ ಹಾಕಿದವನನ್ನು ಬಿಡುವುದಿಲ್ಲ ಎಂದು. ನಾಯಿ ಸುಳ್ಳು ಹೇಳುವುದೂ ಇಲ್ಲ, ಸತ್ಯ ಹೇಳುವುದೂ ಇಲ್ಲ. ಕಳ್ಳನ ಮನೆಯ ನಾಯಿ ಕಳ್ಳನಿಗೇ ಬಾಲ ಅಲ್ಲಾಡಿಸುತ್ತದೆ, ಹುಡುಕಿಕೊಂಡು ಬಂದ ಪೊಲೀಸನಿಗೆ ಬೊಗಳುತ್ತದೆ. ಅದರ ನಿಯತ್ತಿನಲ್ಲಿ ಕೊರತೆ ಇಲ್ಲ. ಆದರೂ ನಾವು ಶಾಲೆಯ ಪುಸ್ತಕದಲ್ಲಿ ನಾಯಿಯನ್ನು ಪ್ರಾಮಾಣಿಕ ಪ್ರಾಣಿ ಎಂದು ಬರೆಸುತ್ತೇವೆ. ನಾನೇ ಎಷ್ಟು ಮಕ್ಕಳಿಂದ ಬರೆಸಿದ್ದೇನೆ! ಈಗ ನೆನೆದರೆ ತಪ್ಪು ಪಾಠ ಹೇಳಿದೆ ಅನಿಸುತ್ತದೆ.

— ಶಬ್ದ ಹುಟ್ಟಿದ್ದೇ ಹಾಗೆಯಾ?

— ನಿಯತ್ತು ಅರಬ್ಬಿಯಿಂದ ಬಂದದ್ದು, ನಿಯ್ಯತ್. ನಿಮ್ಮ ಬಂದರಿನಲ್ಲಿ ಬ್ಯಾರಿಗಳು ಎಷ್ಟು ಮಂದಿ ಇಲ್ಲ, ಯಾರನ್ನಾದರೂ ಕೇಳು. ನಮಾಜಿಗೆ ನಿಲ್ಲುವ ಮೊದಲು, ಉಪವಾಸ ಹಿಡಿಯುವ ಮೊದಲು ಮನಸ್ಸಿನಲ್ಲಿ ಮಾಡುವ ಸಂಕಲ್ಪಕ್ಕೆ ಆ ಹೆಸರು. ಒಳಗಿನ ಉದ್ದೇಶ ಶುದ್ಧವಾಗಿರಬೇಕು ಎಂಬುದು ಮೂಲ. ಅದು ಕನ್ನಡಕ್ಕೆ ಬಂದು ಯಜಮಾನರ ಬಾಯಿಗೆ ಬಿದ್ದ ಮೇಲೆ ಯಜಮಾನನ ಕಡೆಗೆ ತಿರುಗಿತು. ಪ್ರಾಮಾಣಿಕ ಎಂಬ ಶಬ್ದ ನೋಡು, ಪ್ರಮಾಣದಿಂದ ಬಂದದ್ದು. ಪ್ರಮಾಣ ಎಂದರೆ ಅಳತೆ. ಪ್ರಮಾಣ ಎಂದರೆ ಪುರಾವೆ. ದೇವರ ಮುಂದೆ ನಿಂತು ಮಾಡುವ ಆಣೆಗೂ ಅದೇ ಹೆಸರು. ಸೇರು ಯಾರ ಕೈಯಲ್ಲಿದ್ದರೂ ಅಷ್ಟೇ ಅಳೆಯಬೇಕು, ಅದು ಪ್ರಮಾಣ. ನಿಷ್ಠೆ ಎಂದರೆ ಗಟ್ಟಿಯಾಗಿ ನಿಲ್ಲುವುದು. ಎಲ್ಲಿ ನಿಲ್ಲುವುದು, ಯಾರ ಬಳಿ ನಿಲ್ಲುವುದು ಎಂದು ಆ ಶಬ್ದ ಹೇಳುವುದಿಲ್ಲ. ಅದನ್ನು ಬೇರೆ ಯಾರೋ ತುಂಬಿಸಬೇಕು. ಗುರುನಿಷ್ಠೆ, ಪಕ್ಷನಿಷ್ಠೆ, ಸ್ವಾಮಿನಿಷ್ಠೆ, ಮುಂದೆ ಒಂದು ಹೆಸರು ಸೇರದೆ ನಿಷ್ಠೆಗೆ ಕಾಲೂರಲು ನೆಲ ಸಿಕ್ಕುವುದಿಲ್ಲ. ಗುರುಪ್ರಾಮಾಣಿಕತೆ, ಪಕ್ಷಪ್ರಾಮಾಣಿಕತೆ ಎಂದು ಎಲ್ಲಾದರೂ ಕೇಳಿದ್ದೀಯಾ?

— ಇಲ್ಲ.

— ಹಾಗೆ ಹೇಳಲಿಕ್ಕೆ ಆಗುವುದಿಲ್ಲ. ನಾಲಿಗೆಯೇ ಒಪ್ಪುವುದಿಲ್ಲ.

— ಆದರೆ ಮಾಷ್ಟ್ರೇ, ಬಂದರಿನಲ್ಲಿ ನಿಂತು ನೋಡಿದರೆ ಬೇರೆಯೇ ಕಾಣುತ್ತದೆ. ಅಲ್ಲಿ ಎಲ್ಲ ನಡೆಯುವುದು ಮುಖ ನೋಡಿ. ಲೋಡು ಹೊರುವವರು, ಲಾರಿಯವರು, ದಲ್ಲಾಲಿಗಳು, ಯಾರೂ ಕಾಗದ ನೋಡುವುದಿಲ್ಲ. "ಅವ ನಮ್ಮ ಜನ" ಎಂಬ ಒಂದು ಮಾತಿನ ಮೇಲೆ ಲಕ್ಷಗಟ್ಟಲೆ ಮಾಲು ಹೋಗುತ್ತದೆ. ನಿಷ್ಠೆಯನ್ನು ತೆಗೆದರೆ ಈ ಪೇಟೆ ಒಂದು ದಿನವೂ ನಡೆಯಲಿಕ್ಕಿಲ್ಲ.

— ಮುಖ ಬೇಡ ಎಂದು ನಾನೂ ಹೇಳುವುದಿಲ್ಲ. ನಮ್ಮ ಕಡೆ ಪಿಗ್ಮಿ ಶುರುವಾದದ್ದು ಹೇಗೆ? 1928ರಲ್ಲಿ, ಆಮೇಲೆ ಸಿಂಡಿಕೇಟ್ ಬ್ಯಾಂಕು ಎಂದು ಹೆಸರಾದ ಉಡುಪಿಯ ಬ್ಯಾಂಕಿನಿಂದ. ದಿನಕ್ಕೆ ಎರಡಾಣೆ ಉಳಿಸುವವನ ಅಂಗಡಿ ಬಾಗಿಲಿಗೆ ಬ್ಯಾಂಕಿನ ಜನವೇ ಬಂದು ದುಡ್ಡು ತೆಗೆದುಕೊಂಡು ಹೋಗುವುದು. ಬೀಡಿ ಕಟ್ಟುವವಳು, ಮೀನು ಮಾರುವವಳು ಕೊಟ್ಟದ್ದು ಆ ಪಿಗ್ಮಿಯವನ ಮುಖ ನೋಡಿ. ಆದರೆ ಆ ಮುಖ ಬೆಳೆದದ್ದು ಹೇಗೆ? ಪ್ರತಿದಿನ ಪುಸ್ತಕದಲ್ಲಿ ಕೊಟ್ಟಷ್ಟೇ ಬರೆದದ್ದರಿಂದ. ಒಂದು ದಿನ ಎರಡಾಣೆ ಕಡಿಮೆ ಬರೆದಿದ್ದರೆ ಆ ಮುಖ ಮರುದಿನ ಬಾಗಿಲಲ್ಲಿ ನಿಲ್ಲಲು ಆಗುತ್ತಿತ್ತಾ? ನಂಬಿಕೆಯ ಬೇರು ಲೆಕ್ಕದಲ್ಲಿತ್ತು. ಗುಜರಾತಿನ ಪಾರ್ಟಿ ಕೂಡ ಇಷ್ಟು ವರ್ಷ ನಿಮ್ಮ ಅಂಗಡಿಯ ಮುಖ ನೋಡಿ ಮಾಲು ತರಿಸಿದ್ದು ನಿನ್ನ ಕೈಬರಹ ಸರಿ ಇದ್ದದ್ದರಿಂದ.

— ಅದನ್ನು ಧಣಿಗಳಿಗೆ ಹೇಳುವವರು ಯಾರು?

— ಅದಕ್ಕೆ ಆಮೇಲೆ ಬರುವ. ಈಗ ನೀನು ಕೂತ ಗುಡ್ಡೆಯನ್ನು ನೋಡು. ಇದಕ್ಕೆ ಬಾವುಟಗುಡ್ಡೆ ಅಂತ ಯಾಕೆ ಹೆಸರು?

— 1837ರ ದಂಗೆ. ಸುಳ್ಯದ ಕಡೆಯಿಂದ ಬಂದ ರೈತರು ಕಂಪನಿಯ ಬಾವುಟ ಇಳಿಸಿ ತಮ್ಮದು ಹಾರಿಸಿದರು. ಅವರ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಮೂರ್ತಿ ಇಲ್ಲೇ ಉಂಟಲ್ಲ.

— ಹೌದು. ಏಪ್ರಿಲಿನಲ್ಲಿ ಮಂಗಳೂರು ಕೆಲವು ದಿನ ಅವರ ಕೈಯಲ್ಲಿತ್ತು. ಕೊಡಗಿನ ಹಾಲೇರಿ ಅರಸರನ್ನು 1834ರಲ್ಲಿ ಕಂಪನಿ ಇಳಿಸಿತ್ತು. ಆ ಮನೆತನದ ಮೇಲಿನ ನಿಷ್ಠೆ, ಕಂದಾಯದ ಉರಿ, ಎರಡೂ ಸೇರಿ ಜನ ಎದ್ದರು. ಕಂಪನಿ ಅದನ್ನು ಅಡಗಿಸಿತು. ಆಮೇಲೆ ತನ್ನ ಕಡೆ ನಿಂತ ಕೊಡಗಿನವರಿಗೆ ಪದಕ ಕೊಟ್ಟಿತು. ಆ ಪದಕ ಸರಕಾರಕ್ಕೆ ತೋರಿದ ನಿಷ್ಠೆಗೆ ಎಂದು ಅದರ ಮೇಲೆಯೇ ಕೆತ್ತಿದೆ. ಅಂದರೆ ಎದ್ದವರೂ ನಿಷ್ಠರು, ಅಡಗಿಸಿದವರೂ ನಿಷ್ಠರು. ನಿಷ್ಠೆ ಒಂದೇ ಅಳತೆಗೋಲಾದರೆ ಇವರಲ್ಲಿ ಯಾರು ಸರಿ ಎಂದು ಹೇಗೆ ಹೇಳುತ್ತೀ? ಇನ್ನೊಂದು ಮಾತು. ದಂಗೆಯ ಮುಂದೆ ಕಲ್ಯಾಣಸ್ವಾಮಿ ಎಂಬ ಅರಸುಕುಲದ ಹೆಸರು ಹೊತ್ತು ನಿಂತವನು ನಿಜಕ್ಕೆ ಪುಟ್ಟಬಸಪ್ಪ. ಅವನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅವನ ಧೈರ್ಯದ ಬಗ್ಗೆ ನನಗೆ ಗೌರವ ಉಂಟು. ಆದರೆ ಅವನ ಹಿಂದೆ ನಡೆದ ಜನರ ನಿಷ್ಠೆ ಹೋಗಿ ನಿಂತದ್ದು ಒಂದು ಹೆಸರಿನ ಮುಂದೆ. ಆ ಹೆಸರಿನ ಹಿಂದೆ ಯಾರಿದ್ದಾರೆ ಎಂದು ನೋಡುವುದು ನಿಷ್ಠೆಯ ಕೆಲಸವಾಗಿರಲಿಲ್ಲ.

— ನೀವು ನಿಷ್ಠೆಯನ್ನು ಬಹಳ ಕೆಳಗೆ ಇಳಿಸುತ್ತಿದ್ದೀರಿ. ಕರ್ಣನನ್ನು ಎಲ್ಲಿ ಇಡುತ್ತೀರಿ? ಸಣ್ಣವನಿರುವಾಗ ಅಪ್ಪನ ಜೊತೆ ತಾಳಮದ್ದಳೆಗೆ ಹೋದದ್ದು ನನಗೆ ಇನ್ನೂ ನೆನಪುಂಟು. ಕರ್ಣಭೇದನ. ನೀನು ಕುಂತಿಯ ಮಗ, ರಾಜ್ಯ ನಿನ್ನದು ಎಂದು ಕೃಷ್ಣ ಹೇಳಿದರೂ ಕರ್ಣ ಬರುವುದಿಲ್ಲ. ನೂರಾರು ಜನರಿದ್ದ ಸಭೆಯಲ್ಲಿ ಒಂದು ಉಸಿರೂ ಕೇಳುತ್ತಿರಲಿಲ್ಲ.

— ನನಗೂ ಆ ಪ್ರಸಂಗ ಬಹಳ ಇಷ್ಟ. ಅರ್ಥಧಾರಿಗಳಾದ ಶೇಣಿಯವರ, ಸಾಮಗರ ಕಾಲದ ಕೂಟಗಳನ್ನು ಕೇಳಿ ಬೆಳೆದವ ನಾನು. ಪದ್ಯ ಮೊದಲೇ ಬರೆದದ್ದು, ಅರ್ಥ ಮಾತ್ರ ಆ ರಾತ್ರಿಯದ್ದು. ಹಾಗಾಗಿ ಪ್ರತಿ ಕೂಟದಲ್ಲೂ ಕರ್ಣ ತನ್ನನ್ನು ತಾನು ಹೊಸದಾಗಿ ಸಮರ್ಥಿಸಿಕೊಳ್ಳಬೇಕು. ಅಷ್ಟು ರಾತ್ರಿ ಕೇಳಿದ ಮೇಲೆ ನನಗೆ ಎರಡು ಕಡೆ ಮುಳ್ಳು ಚುಚ್ಚುತ್ತದೆ. ಒಂದು, ಆಮೇಲೆ ಕುಂತಿ ಬಂದಾಗ ಅರ್ಜುನನೊಬ್ಬನನ್ನು ಬಿಟ್ಟು ಉಳಿದ ನಾಲ್ವರನ್ನು ಕೊಲ್ಲುವುದಿಲ್ಲ ಎಂದು ಕರ್ಣ ಮಾತು ಕೊಡುತ್ತಾನೆ. ಯುದ್ಧದಲ್ಲಿ ಭೀಮ ಕೈಗೆ ಸಿಕ್ಕಿದಾಗ ಬಿಟ್ಟೂ ಬಿಡುತ್ತಾನೆ. ಇದನ್ನು ದುರ್ಯೋಧನನಿಗೆ ಹೇಳಿದನಾ?

— ಇಲ್ಲ.

— ಪ್ರಾಣ ಕೊಡಲು ತಯಾರಿದ್ದವ ಆ ಒಂದು ಮಾತನ್ನು ಮುಚ್ಚಿಟ್ಟ. ದುರ್ಯೋಧನ ಅವನನ್ನೇ ನಂಬಿ ಲೆಕ್ಕ ಹಾಕುತ್ತಿದ್ದ. ಆ ಲೆಕ್ಕದಲ್ಲಿ ನಾಲ್ಕು ಜನ ಮೊದಲೇ ಕಳೆದುಹೋಗಿದ್ದರು. ಎಲ್ಲರಿಗಿಂತ ದೊಡ್ಡ ನಿಷ್ಠನೂ ತನ್ನ ಒಡೆಯನೊಡನೆ ಪೂರ್ತಿ ಪ್ರಾಮಾಣಿಕನಾಗಿರಲಿಲ್ಲ ಎಂದಾಯಿತಲ್ಲ? ಇನ್ನೊಂದು ಮುಳ್ಳು ಇದಕ್ಕಿಂತ ಆಳ. ದ್ಯೂತದ ಸಭೆ. ಭೀಷ್ಮ, ದ್ರೋಣ ಎಲ್ಲ ತಲೆ ತಗ್ಗಿಸಿ ಕೂತಿದ್ದಾರೆ. ಕೌರವರಲ್ಲೇ ಒಬ್ಬ ಎದ್ದು ನಿಂತು, ದ್ರೌಪದಿ ಗೆಲ್ಲಲ್ಪಟ್ಟವಳಲ್ಲ, ಇದು ಅಧರ್ಮ ಎನ್ನುತ್ತಾನೆ. ಯಾರವನು?

— ವಿಕರ್ಣ.

— ಅವನ ಬಾಯಿ ಮುಚ್ಚಿಸಿದ್ದು ಯಾರು?

— ಕರ್ಣ.

— ಅದೇ ನಿನ್ನ ಕರ್ಣ. ನಿನ್ನ ಅಣ್ಣಂದಿರ ವಿರುದ್ಧ ಮಾತಾಡುತ್ತೀಯಾ, ನೀನಿನ್ನೂ ಹುಡುಗ ಎಂದು ಗದರಿಸಿ ಕೂರಿಸಿದ. ಮೊನ್ನೆ ನಿನ್ನನ್ನು ಒಳಗೆ ಕರೆದು ಕೇಳಿದ ಪ್ರಶ್ನೆ ಆ ಸಭೆಯಲ್ಲೂ ಕೇಳಿದ್ದೇ. ವಿಕರ್ಣ ಪಾಂಡವರ ಕಡೆಗೂ ಹೋಗಲಿಲ್ಲ. ಅಣ್ಣನ ಪಕ್ಷದಲ್ಲೇ ನಿಂತು ಹೋರಾಡಿ ಭೀಮನ ಕೈಯಲ್ಲಿ ಸತ್ತ. ಕೊಂದ ಭೀಮನೇ ಅವನಿಗಾಗಿ ದುಃಖಪಟ್ಟ. ನಮ್ಮ ಮೇಳಗಳಲ್ಲಿ ವಿಕರ್ಣನಿಗೆ ಕರ್ಣನಷ್ಟು ಹೊತ್ತಿನ ಅರ್ಥ ಸಿಗುವುದಿಲ್ಲ. ನನಗೆ ಅದು ನೋವಿನ ವಿಷಯ.

— ಹಾಗಾದರೆ ಮನೆಯ ಗುಟ್ಟು ಹೊರಗೆ ಹಾಕುವವನನ್ನೂ ಪ್ರಾಮಾಣಿಕ ಎನ್ನಬೇಕಾಗುತ್ತದಲ್ಲ? ವಿಭೀಷಣ ಹೇಳಿದ್ದು ಸತ್ಯವೇ ಆದರೂ ನಮ್ಮೂರಲ್ಲಿ ಮಗುವಿಗೆ ಯಾರೂ ಆ ಹೆಸರು ಇಡುವುದಿಲ್ಲ. ನಾನು ನಾಳೆ ಗುಜರಾತಿಗೆ ಫೋನು ಮಾಡಿ ನಮ್ಮ ಧಣಿ ಬೆರಕೆ ಮಾಡುತ್ತಾರೆ ಎಂದರೆ ಪೇಟೆಯಲ್ಲಿ ಯಾರೂ ನನ್ನನ್ನು ಮುಟ್ಟಲಿಕ್ಕಿಲ್ಲ. ಮುಟ್ಟಬಾರದು ಅಂತ ನನಗೂ ಅನಿಸುತ್ತದೆ.

— ಮಾತಾಡದೆ ಇರುವುದು ಒಂದು, ಸುಳ್ಳು ಬರೆಯುವುದು ಇನ್ನೊಂದು. ಡಾಕ್ಟರು ರೋಗಿಯ ವಿಷಯ ಊರಿಗೆ ಹೇಳುವುದಿಲ್ಲ. ಬ್ಯಾಂಕಿನವ ನಿನ್ನ ಖಾತೆಯಲ್ಲಿ ಎಷ್ಟುಂಟು ಎಂದು ಪಕ್ಕದ ಮನೆಯವನಿಗೆ ಹೇಳುವುದಿಲ್ಲ. ಅವರು ಯಾರೂ ಅಪ್ರಾಮಾಣಿಕರಲ್ಲ. ನಿನ್ನ ಧಣಿಗಳ ಮನೆಯ ಜಗಳ, ಸಾಲ, ಮಕ್ಕಳ ವಿಷಯ ಎಲ್ಲ ನಿನಗೆ ಗೊತ್ತಿರಬಹುದು. ಅದು ನಿನ್ನ ಹೊಟ್ಟೆಯಲ್ಲೇ ಇರಲಿ, ಅಲ್ಲಿ ನಿಷ್ಠೆಗೆ ಪೂರ್ತಿ ಹಕ್ಕು ಉಂಟು. ಆದರೆ ಬಿಲ್ಲಿನ ಮೇಲೆ ನಿನ್ನ ಅಕ್ಷರದಲ್ಲಿ ಹೊಸತನ್ನು ಹಳತು ಎಂದು ಬರೆಯುವಾಗ ಅದು ಗುಟ್ಟು ಕಾಯುವುದಲ್ಲ. ದೂರದಲ್ಲಿ ಕೂತ ಒಬ್ಬನ ಕಿಸೆಗೆ ಕೈ ಹಾಕಿದ ಹಾಗೆ.

— ನಿಮಗೆ ಹೇಳಲಿಕ್ಕೆ ಸುಲಭ ಮಾಷ್ಟ್ರೇ. ಋಣ ನನ್ನ ಮೇಲೆ ಉಂಟು.

— ಸುಲಭ ಅಂತ ಹೇಳಬೇಡ. ನನ್ನ ಅಪ್ಪನ ಕತೆ ನಿನಗೆ ಹೇಳಿಲ್ಲ ನಾನು.

— ಇಲ್ಲ.

— ಬಂಟ್ವಾಳ ತಾಲೂಕಿನಲ್ಲಿ ನಮ್ಮ ಊರು. ಅಪ್ಪ ಚಾಲಗೇಣಿ ಒಕ್ಕಲು. ಮೂಲಗೇಣಿಯವನಿಗೆ ಕಾಯಂ ಹಕ್ಕು, ಚಾಲಗೇಣಿಯವನನ್ನು ಧಣಿ ಯಾವಾಗ ಬೇಕಾದರೂ ಎಬ್ಬಿಸಬಹುದಿತ್ತು. ನಮ್ಮ ಧಣಿಗಳು ಎಬ್ಬಿಸುವ ಜನ ಅಲ್ಲ. ನನ್ನ ತಂಗಿ ಹುಟ್ಟುವಾಗ ಅಮ್ಮನ ಜೀವಕ್ಕೆ ಬಂದಿತ್ತು. ರಾತ್ರಿ ಹೊತ್ತು ತಮ್ಮ ಕಾರಿನಲ್ಲಿ ಅವರೇ ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗೆ ತಂದು ಮುಟ್ಟಿಸಿದರು. ಅಮ್ಮ ಉಳಿದಳು, ತಂಗಿಯೂ ಉಳಿದಳು. ಆ ಋಣದ ಮುಂದೆ ಅಪ್ಪ ಯಾವಾಗಲೂ ತಲೆ ಬಗ್ಗಿಸಿಯೇ ಇದ್ದ.

ಆಮೇಲೆ 1974 ಬಂತು. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿದಾರ 7ನೇ ನಮೂನೆಯಲ್ಲಿ ಅರ್ಜಿ ಹಾಕಬೇಕಿತ್ತು. ನಮ್ಮ ಕಡೆ ಅದಕ್ಕೆ ಡಿಕ್ಲರೇಶನ್ ಎಂದೇ ಹೆಸರು. "ಅವ ಡಿಕ್ಲರೇಶನ್ ಕೊಟ್ಟ" ಎಂದರೆ ಊರಲ್ಲಿ ಬೈಗಳಿನ ಹಾಗೆ ಕೇಳುತ್ತಿತ್ತು, ಅನ್ನ ಕೊಟ್ಟ ಮನೆಗೆ ಎರಡು ಬಗೆದ ಎಂದು. ಅಪ್ಪ ತಿಂಗಳುಗಟ್ಟಲೆ ಅರ್ಜಿಯನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ರಾತ್ರಿ ಎದ್ದು ಅಂಗಳದಲ್ಲಿ ಕೂರುತ್ತಿದ್ದ. ನಾನು ಆಗ ಕಾಲೇಜು ಹುಡುಗ. ಎಂತಕ್ಕೆ ಹೆದರಿಕೆ ಎಂದು ಕೇಳಿದರೆ, "ಹೆದರಿಕೆ ಅಲ್ಲ ಮಗ, ನಾಚಿಕೆ" ಎಂದ.

— ಕೊನೆಗೆ ಹಾಕಿದರಾ?

— ಹಾಕಿದ. ಅರ್ಜಿ ವಿಚಾರಿಸುವ ಟ್ರಿಬ್ಯುನಲಿನಲ್ಲಿ ಆಗ ವಕೀಲರಿಗೆ ಅವಕಾಶ ಇರಲಿಲ್ಲ. ಒಕ್ಕಲೂ ಧಣಿಯೂ ತಮ್ಮ ಬಾಯಿಯಿಂದಲೇ ಹೇಳಬೇಕು. ಯೋಚಿಸು, ಧಣಿಗಳ ಎದುರಲ್ಲಿ ನಿಂತು ಕೂಡ ಮಾತಾಡದವ ಅವರ ಮುಖದೆದುರೇ ಹೇಳಿಕೆ ಕೊಡುವುದು. ನಮ್ಮ ನೆರೆಯವನನ್ನು ಮೊದಲು ಕರೆದರು. ಈ ಜಾಗ ಗೇಣಿಗೆ ಮಾಡುತ್ತಿದ್ದೀಯಾ ಎಂದು ಕೇಳಿದಾಗ ಅವನು ಧಣಿಗಳ ಮುಖ ನೋಡಿ, "ಇಲ್ಲ, ನಾನು ಕೂಲಿಯವ" ಎಂದುಬಿಟ್ಟ. ಮೂವತ್ತು ವರ್ಷ ಗೇಣಿ ಅಕ್ಕಿ ಅಳೆದವ! ಜಾಗ ಹೋಯಿತು. ಅವನ ಮಕ್ಕಳು ಆಮೇಲೆ ಅದೇ ಗದ್ದೆಯಲ್ಲಿ ಸಂಬಳಕ್ಕೆ ದುಡಿದರು.

ಅಪ್ಪನ ಸರದಿ ಬಂತು. ಬೈಲು ಗದ್ದೆ, ಮಜಲು ಗದ್ದೆ ನಾನೇ ಉಳುವುದು, ಗೇಣಿ ಇಷ್ಟು ಎಂದ. ಸ್ವರ ನಡುಗುತ್ತಿತ್ತು. ಅರ್ಜಿ ಬರೆದುಕೊಟ್ಟ ಒಬ್ಬ ಪುಢಾರಿ ತೋಡಿನ ಬದಿಯ ಅಡಿಕೆ ತೋಟವನ್ನೂ ಅದರಲ್ಲಿ ಸೇರಿಸಿದ್ದ, ಸಿಕ್ಕಿದರೆ ಸಿಗಲಿ ಎಂದು. ಅದನ್ನು ಓದಿ ಹೇಳಿದ ಕೂಡಲೆ ಅಪ್ಪ, "ಅದು ನನ್ನದಲ್ಲ, ತೋಟ ಧಣಿಗಳೇ ಆಳು ಇಟ್ಟು ಮಾಡಿಸುವುದು, ಅದನ್ನು ಹೊಡೆದು ಹಾಕಿ" ಎಂದ. ಈಗ ನಡುಕ ಇರಲಿಲ್ಲ. ಹಿಂದೆ ನಿಂತ ಪುಢಾರಿ, ನಿನಗೆ ನಮ್ಮ ಮೇಲೆ ನಿಯತ್ತಿಲ್ಲ ಎಂದು ಹಲ್ಲು ಕಚ್ಚಿದ. ಹೊರಗೆ ಬಂದಾಗ ಧಣಿಗಳೂ ಅದೇ ಮಾತು ಹೇಳಿದರು. ಒಂದೇ ದಿನ ಎರಡು ಕಡೆಯವರಿಂದ ಒಂದೇ ಬೈಗಳು.

— ಆಮೇಲೆ ಧಣಿಗಳು?

— ಮಾತು ಬಿಟ್ಟರು. ಸಾಯುವವರೆಗೂ ಆಡಲಿಲ್ಲ. ಅಪ್ಪ ಪ್ರತಿ ವರ್ಷ ಹಬ್ಬಕ್ಕೆ ಸೌತೆ, ಕುಂಬಳ ಹೊತ್ತುಕೊಂಡು ಹೋಗಿ ಅವರ ಜಗಲಿಯಲ್ಲಿ ಇಟ್ಟು ಬರುತ್ತಿದ್ದ. ಗೇಣಿ ಮುಗಿದಿದೆ, ಋಣ ಮುಗಿದಿಲ್ಲ ಎನ್ನುತ್ತಿದ್ದ. ಅವರು ಒಳಗಿನಿಂದ ಹೊರಗೆ ಬರುತ್ತಿರಲಿಲ್ಲ. ನಾನು ಸಿಟ್ಟಾಗುತ್ತಿದ್ದೆ. ಸತ್ಯ ಹೇಳಿದ್ದಕ್ಕೆ ಇಷ್ಟು ಬೆಲೆ ಯಾಕೆ ತೆರಬೇಕು ಎಂದು ನನಗೆ ಇವತ್ತಿಗೂ ಒಗ್ಗಿಲ್ಲ. ಧಣಿಗಳು ತೀರಿಕೊಂಡ ಮೇಲೆ ಅವರ ಮಕ್ಕಳಿಗೆ ಪಾಲಿನ ತಕರಾರು ಬಂತು. ತೋಟದ ಗಡಿ ಎಲ್ಲಿ ಎಂದು ಜಗಳ. ಅಣ್ಣ ತಮ್ಮ ಇಬ್ಬರೂ ಬೇರೆ ಬೇರೆ ದಿನ ನಮ್ಮ ಮನೆಗೆ ಬಂದು ಅಪ್ಪನನ್ನು ಕರೆದುಕೊಂಡು ಹೋದರು. ಕಲ್ಲು ಎಲ್ಲಿತ್ತು ಎಂದು ಅವನು ತೋರಿಸಿದಲ್ಲಿಗೆ ಇಬ್ಬರೂ ಒಪ್ಪಿದರು. ಕೂಲಿಯವ ಎಂದು ಹೇಳಿದ ನೆರೆಯವನೂ ಆಗ ಬದುಕಿದ್ದ. ಅವನನ್ನು ಯಾರೂ ಕೇಳಲಿಲ್ಲ.

— ...

— ಎಂತ, ಮಾತಾಡುವುದಿಲ್ಲ?

— ನೆರೆಯವನ ಬಗ್ಗೆ ಯೋಚಿಸುತ್ತಿದ್ದೆ. ಅವನೂ ಕೆಟ್ಟವ ಅಲ್ಲವಲ್ಲ.

— ಕೆಟ್ಟವ ಖಂಡಿತ ಅಲ್ಲ. ಮಕ್ಕಳ ಅನ್ನವನ್ನೇ ಕೊಟ್ಟು ಋಣ ತೀರಿಸಿದವ. ಆದರೆ ಕೊಟ್ಟ ಅನ್ನ ಅವನೊಬ್ಬನದಾಗಿರಲಿಲ್ಲ, ಮಕ್ಕಳದೂ ಆಗಿತ್ತು. ಅದನ್ನೇ ನಿನಗೆ ಹೇಳಬೇಕು ಅಂತ ಇದ್ದೆ. ನಿನ್ನ ಅಮ್ಮನಿಗೆ ಆದ ಉಪಕಾರ ದೊಡ್ಡದು. ಅದನ್ನು ನೀನು ನಿನ್ನ ಸಂಬಳದಿಂದ ತೀರಿಸು, ಭಾನುವಾರ ಅಂಗಡಿಗೆ ಹೋಗಿ ದುಡಿದು ತೀರಿಸು, ಅವರಿಗೆ ಹುಷಾರು ತಪ್ಪಿದರೆ ರಾತ್ರಿ ಕೂತು ನೋಡಿಕೊ. ಗುಜರಾತಿನವನ ಕಿಸೆಯಿಂದ ತೀರಿಸಬೇಡ. ಅವನು ನಿನ್ನ ಅಮ್ಮನ ಆಪರೇಶನ್ನಿಗೆ ದುಡ್ಡು ಕೊಟ್ಟವನಲ್ಲ.

— ಕೆಲಸ ಹೋದರೆ?

— ಹೋಗಬಹುದು. ಇಲ್ಲ ಎಂದು ನಾನು ಸುಳ್ಳು ಹೇಳಲಾರೆ. ಹೋದರೆ ಬಾ, ನನ್ನ ಹಳೆ ಮಕ್ಕಳು ನಾಲ್ಕೈದು ಜನ ಲೆಕ್ಕದ ಕಚೇರಿ ಇಟ್ಟಿದ್ದಾರೆ, ಕೇಳುವ. ಆದರೆ ಅದಕ್ಕೆ ಮೊದಲು ಒಂದು ಕೆಲಸ ಮಾಡು. ಗುಜರಾತಿಗೆ ಫೋನು ಬೇಡ, ಪೇಟೆಯಲ್ಲಿ ಮಾತು ಬೇಡ. ನೇರ ಧಣಿಗಳ ಹತ್ತಿರ ಹೋಗು. ವಿದುರ ಧೃತರಾಷ್ಟ್ರನಿಗೆ ಹೇಳಿದ ಹಾಗೆ, ಮನೆಯೊಳಗೆ ಕೂತು ಹೇಳು. ಆ ಮುದುಕ ಸಿಟ್ಟಿನಲ್ಲಿ ವಿದುರನನ್ನು ಕಾಡಿಗೆ ಹೋಗು ಎಂದ, ಆಮೇಲೆ ತಾಳಲಾರದೆ ಸಂಜಯನನ್ನು ಕಳಿಸಿ ಕರೆಸಿಕೊಂಡ. ನಿನ್ನ ಧಣಿಗಳು ಕರೆಸಿಕೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಚೀಲದ ಮೇಲೆ ಹೊಸತನ್ನು ಹೊಸತು, ಹಳತನ್ನು ಹಳತು ಎಂದು ಬರೆಯುವ, ಕಡಿಮೆ ಬಿದ್ದದ್ದಕ್ಕೆ ಪಾರ್ಟಿಯ ಹತ್ತಿರ ನಾನೇ ಮಾತಾಡುತ್ತೇನೆ, ಬೈದರೆ ನನಗೆ ಬೈಯಲಿ ಎಂದು ಹೇಳು. ಬೈಗಳು ನೀನು ತೆಗೆದುಕೊಳ್ಳುವುದು ಕೂಡ ಅವರಿಗೆ ನೀನು ತೋರಿಸುವ ನಿಷ್ಠೆಯೇ.

— ಅವರು ಒಪ್ಪದಿದ್ದರೆ?

— ಪೆನ್ನು ಕೆಳಗೇ ಇರಲಿ.

— ಲಾರಿ ಬರುವುದು ನಾಳೆ ಎಂಟೂವರೆಗೆ. ಧಣಿಗಳು ಏಳೂವರೆಗೆ ಬಂದು ದೇವರಿಗೆ ದೀಪ ಹಚ್ಚುತ್ತಾರೆ. ಗಾರ್ಬಲಿನ ಹೆಂಗಸರು ಬರುವುದು ಎಂಟಕ್ಕೆ. ಆ ಅರ್ಧ ಗಂಟೆ ಅಂಗಡಿಯಲ್ಲಿ ಬೇರೆ ಯಾರೂ ಇರುವುದಿಲ್ಲ.